ತಂತಿ ಹಿಡಿದವಳು

ನಮ್ಮ ಊರಿನಲ್ಲಿ ನನ್ನ ಎಡಗೈಗೆ ಇರುವ ಹೆಸರು ನನಗಿಲ್ಲ. ಸಂತೆಯಲ್ಲಿ ಗುರುತಿಲ್ಲದ ಹೆಂಗಸರೂ ನನ್ನನ್ನು ತಡೆದು, ‘ಪಂಪಣ್ಣಾರ ಮನಿಯವರಲ್ಲೇನ್ರಿ? ಎಲ್ಲಿ, ಕೈ ತೋರಸ್ರಿ ನೋಡೂಣು’ ಎನ್ನುತ್ತಾರೆ. ನಾನು ಚೀಲವನ್ನು ಬಲಗೈಗೆ ಬದಲಿಸಿ ಎಡ ಅಂಗೈ ಬಿಡಿಸುತ್ತೇನೆ. ಕಿರುಬೆರಳಿನ ಬುಡದಿಂದ ಹೆಬ್ಬೆರಳಿನ ಬುಡದವರೆಗೆ ಅಡ್ಡಕ್ಕೆ ಒಂದು ಹಸಿರು ಗೆರೆ ಇದೆ. ತಾಮ್ರದ ಗೆರೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. ‘ಎಷ್ಟು ದಟ್ಟ ಐತಿ ನೋಡವಾ,’ ಎಂದು ಅವರು ತಮ್ಮ ಜೊತೆಯಲ್ಲಿರುವ ಹುಡುಗಿಗೆ ತೋರಿಸುತ್ತಾರೆ, ‘ಹಿಂಗ ಇರಬೇಕು ಕೈ.’ ನನ್ನ ಹೆಸರೇನೆಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ಸಾವಂತ್ರವ್ವ ಎಂದು ನನ್ನ ಹೆಸರು. ಇಲ್ಲಿ ಬರೆದಿಟ್ಟಿರುತ್ತೇನೆ.

ನಮ್ಮಲ್ಲಿ ರೇಡಿಯೊ ಮಾತಾಡಬೇಕಾದರೆ ಅದರ ಬೆನ್ನಿನಿಂದ ಬರುವ ತಾಮ್ರದ ತಂತಿಯನ್ನು ಯಾರಾದರೊಬ್ಬರು ಬರಿಗೈಯಲ್ಲಿ ಹಿಡಿದಿರಬೇಕು. ಹಿಡಿದವರಿಗೆ ಮಾತ್ರ ಅದು ಕೇಳಿಸುವುದಿಲ್ಲ. ಅವರಿಗೆ ಗೋಡೆ ಗಡಿಯಾರ ಕೇಳಿಸುತ್ತದೆ, ಒಲೆಯ ಮೇಲಿನ ಮುಚ್ಚಳ ಕುಣಿಯುವುದು ಕೇಳಿಸುತ್ತದೆ, ಪಡಸಾಲೆಯಲ್ಲಿ ಕೂತವರು ‘ಆಹಾ’ ಎನ್ನುವುದು ಕೇಳಿಸುತ್ತದೆ. ರೇಡಿಯೊ ಮಾತ್ರ ಅವರ ಪಾಲಿಗೆ ಒಂದು ಮರದ ಪೆಟ್ಟಿಗೆ. ಅದರ ದನಿ ಮನೆಯ ಗೋಡೆಯನ್ನೂ ದಾಟುವುದಿಲ್ಲ. ಬೀದಿಯಲ್ಲಿ ನಿಂತು ಕದ್ದು ಕೇಳುವಂತಿಲ್ಲ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಯಾರು ಹಿಡಿಯಬೇಕು ಎಂದೂ ಕೇಳುವುದಿಲ್ಲ. ಎಲ್ಲ ಮನೆಗಳಲ್ಲೂ ತಂತಿಯ ಉದ್ದ ಒಂದೇ, ಪಡಸಾಲೆಯ ಗೂಡಿನಿಂದ ಅಡುಗೆಮನೆಯ ಹೊಸ್ತಿಲವರೆಗೆ. ಅಳತೆ ತೆಗೆದುಕೊಂಡವರು ಯಾರೋ, ಚೆನ್ನಾಗಿ ತೆಗೆದುಕೊಂಡಿದ್ದಾರೆ.

ಹಾಗಾಗಿ ನಮ್ಮ ಊರಿನ ಹೆಂಗಸರಿಗೆ ಒಂದೇ ಕೈಯಲ್ಲಿ ಬಾರದ ಕೆಲಸವಿಲ್ಲ. ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತೇವೆ, ಅವರೆಕಾಯಿ ಸುಲಿಯುತ್ತೇವೆ, ಮಗುವಿಗೆ ಹಾಲೂಡಿಸುತ್ತೇವೆ. ಹೆಣ್ಣುಮಕ್ಕಳಿಗೆ ಹತ್ತು ತುಂಬಿತೆಂದರೆ ಎಡಗೈಯನ್ನು ಸೆರಗಿನಿಂದ ಸೊಂಟಕ್ಕೆ ಕಟ್ಟಿ ಕೆಲಸ ಕಲಿಸುತ್ತಾರೆ. ಗಂಡಸರು ಯಾಕೆ ಹಿಡಿಯುವುದಿಲ್ಲ ಎಂದು ಹೊರಗಿನವರು ಯಾರಾದರೂ ಕೇಳಿದರೆ ಹಿರಿಯರು ಸಮಾಧಾನವಾಗಿ ಹೇಳುತ್ತಾರೆ: ಗಂಡಸರ ಕೈ ಕಾವು, ಹಿಡಿದರೆ ಸ್ವರ ಒಡೆಯುತ್ತದೆ. ಒಡೆದದ್ದನ್ನು ಕೇಳಿದವರು ಯಾರು ಎಂದರೆ, ಯಾರೂ ಇಲ್ಲ.

ಇಷ್ಟೆಲ್ಲ ಸಿಟ್ಟು ನನಗೆ ಮೊದಲಿನಿಂದ ಇರಲಿಲ್ಲ. ಹದಿನಾಲ್ಕು ವರ್ಷ ತುಂಬುವವರೆಗೆ ನಾನು ಪಡಸಾಲೆಯಲ್ಲಿ ಕೂತು ಕೇಳುವವಳಾಗಿದ್ದೆ. ಅವ್ವ ಹೊಸ್ತಿಲಲ್ಲಿ ನಿಂತು ಹಿಡಿಯುತ್ತಿದ್ದಳು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು. ನಮ್ಮ ಊರಿಗೆ ಬಸ್ಸು ವಾರಕ್ಕೊಮ್ಮೆ ಬರುತ್ತಿತ್ತು, ಪತ್ರಿಕೆ ಬರುತ್ತಲೇ ಇರಲಿಲ್ಲ, ಆದರೆ ಆ ಪೆಟ್ಟಿಗೆಯಿಂದ ಏನೆಲ್ಲ ಬಂತು. ಬೀಸುಕಲ್ಲಿನ ಪದಗಳನ್ನು ಅಜ್ಜಿ ಹೇಳುವುದನ್ನು ಕೇಳಿದ್ದೆ, ಆದರೆ ಅದು ಹಾಡು ಎಂದು ನನಗೆ ತಿಳಿದದ್ದು ರೇಡಿಯೊದಲ್ಲಿ ಯಾರೋ ಮುದುಕಿ ಹೇಳಿದಾಗ. ಅತ್ತಂತೆ ಕೇಳಿಸುವ ಸಾರಂಗಿಯನ್ನು ಮೊದಲ ಸಲ ಕೇಳಿ ಯಾರನ್ನೋ ಹೊಡೆಯುತ್ತಿದ್ದಾರೆಂದು ಬಾಗಿಲ ಕಡೆ ನೋಡಿದ್ದೆ. ಗುರುವಾರ ಸಂಜೆ ಐದೂವರೆಗೆ ‘ದೂರದ ದನಿ’ ಎಂಬ ಕಾರ್ಯಕ್ರಮ ಬರುತ್ತಿತ್ತು. ಅದನ್ನು ನಡೆಸುವ ಹೆಂಗಸು ಗುಟ್ಟು ಹೇಳುವವಳ ಹಾಗೆ ಮಾತಾಡುತ್ತಿದ್ದಳು. ಒಂದೇ ಗಂಟಲಿನಿಂದ ಎರಡು ಸ್ವರ ಹೊರಡಿಸುವ ಕುದುರೆ ಕಾಯುವವರ ಹಾಡು, ಮರಳುಗಾಡಿನವರ ಡೋಲು, ಹಿಮದ ಬೆಟ್ಟದ ಮೇಲೆ ಉಸಿರು ಸಾಲದೆ ಮಧ್ಯೆ ಮಧ್ಯೆ ನಿಲ್ಲುವ ಕೊಳಲು. ದೇಶದ ಹೆಸರುಗಳನ್ನು ನಾನು ಲೆಕ್ಕದ ಪುಸ್ತಕದ ಹಿಂದೆ ತಪ್ಪುತಪ್ಪಾಗಿ ಬರೆದುಕೊಳ್ಳುತ್ತಿದ್ದೆ. ಭೂಪಟದಲ್ಲಿ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ನಮ್ಮ ಊರೂ ಅದರಲ್ಲಿ ಇರಲಿಲ್ಲವಾದ್ದರಿಂದ ನನಗೆ ಬೇಸರವಾಗಲಿಲ್ಲ.

ಹದಿಮೂರನೆಯ ವಯಸ್ಸಿನಲ್ಲಿ ಒಂದು ಗುರುವಾರ ಆ ಹಾಡು ಬಂತು. ಯಾವುದೋ ದ್ವೀಪದಲ್ಲಿ ಮೀನಿನ ಬಲೆ ಹೆಣೆಯುವ ಹೆಂಗಸರ ಹಾಡು ಎಂದಳು. ದ್ವೀಪದ ಹೆಸರು ನನ್ನ ಕಿವಿಗೆ ಸಿಗಲಿಲ್ಲ. ವಾದ್ಯವೇ ಇಲ್ಲ. ಒಬ್ಬಳು ಕರೆಯುತ್ತಾಳೆ, ಉಳಿದವರು ಓ ಎನ್ನುತ್ತಾರೆ, ನಡುವೆ ಚಪ್ಪಾಳೆ. ಚಪ್ಪಾಳೆ ನಾವು ತಟ್ಟುವ ಹಾಗಲ್ಲ. ಒಂದು ಬೀಳಬೇಕಾದ ಕಡೆ ಬೀಳುವುದಿಲ್ಲ, ಬೀಳಬಾರದ ಕಡೆ ಎರಡು ಬೀಳುತ್ತವೆ. ಕರೆಯುವವಳ ದನಿ ಮೇಲೆ ಮೇಲೆ ಹೋಯಿತು. ಎಲ್ಲಿ ಇಳಿಯುತ್ತಾಳೋ ಎಂದು ನಾನು ಪೆಟ್ಟಿಗೆಯ ಹತ್ತಿರಕ್ಕೆ ಸರಿದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಅವ್ವ ತಂತಿ ಬಿಟ್ಟು ಓಡಿದಳು. ಅವಳು ಬಂದು ಮತ್ತೆ ಹಿಡಿಯುವಷ್ಟರಲ್ಲಿ ವಾರ್ತೆ ಶುರುವಾಗಿತ್ತು.

‘ಸರಿ ಹಿಡಿಯಾಕ ಬರೂದಿಲ್ಲೇನವಾ ನಿನಗ?’ ಎಂದು ನಾನು ಕಿರುಚಿದೆ. ಅಪ್ಪ ಏನೂ ಹೇಳಲಿಲ್ಲ, ಅವನ ಪರವಾಗಿ ನಾನೇ ಹೇಳಿಯಾಗಿತ್ತಲ್ಲ. ಅವ್ವ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಕೇಳಿದಳು, ‘ಎಂಥಾ ಹಾಡಿತ್ತವಾ?’

‘ಹೇಳಿದ್ರ ನಿನಗೇನ ತಿಳೀತೈತಿ?’

ಆಮೇಲೆ ಒಂದು ವರ್ಷಕ್ಕೆ ಅವ್ವನ ಎಡಗೈ ಸ್ವಾಧೀನ ತಪ್ಪಿತು. ತಂತಿ ನನ್ನ ಕೈಗೆ ಬಂತು. ಅವ್ವನನ್ನು ಪಡಸಾಲೆಯ ಮೂಲೆಯಲ್ಲಿ ಗೋಡೆಗೊರಗಿಸಿ ಕೂರಿಸುತ್ತಿದ್ದೆವು. ಹದಿನಾರು ವರ್ಷಗಳ ಮೇಲೆ ಅವಳಿಗೆ ರೇಡಿಯೊ ಕೇಳಿಸಿತು. ಆದರೆ ಅವಳಿಗೆ ಆಗ ಮಾತೇ ಹೊರಡುತ್ತಿರಲಿಲ್ಲ. ಏನು ಕೇಳಿದಳು, ಹೇಗಿತ್ತು, ಏನೂ ಹೇಳದೆ ಹೋದಳು. ನಾನು ಹೊಸ್ತಿಲಿನಿಂದ ಅವಳ ಮುಖ ನೋಡುತ್ತ ನಿಂತಿರುತ್ತಿದ್ದೆ. ಮುಖ ನೋಡಿ ಹಾಡು ಊಹಿಸುವುದನ್ನು ಕಲಿತದ್ದು ಅಲ್ಲಿ.

ಇಪ್ಪತ್ತಕ್ಕೆ ಮದುವೆ. ನಮ್ಮಲ್ಲಿ ಕನ್ಯೆ ನೋಡಲು ಬಂದವರು ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಹುಡುಗಿಯ ಕೈಗೆ ತಂತಿ ಕೊಟ್ಟು ಎಲ್ಲರೂ ಕಣ್ಣು ಮುಚ್ಚಿ ಕೂರುತ್ತಾರೆ. ನನ್ನ ಅತ್ತೆ ಹದಿನೈದು ನಿಮಿಷ ಕಣ್ಣು ತೆರೆಯಲಿಲ್ಲ. ತೆರೆದವರು, ‘ಬಾವಿ ನೀರ ಇದ್ದಾಂಗ ಐತಿ ದನಿ, ತಳಾ ಕಾಣತೈತಿ,’ ಎಂದರು. ಅವರ ಕಣ್ಣು ತೇವವಾಗಿತ್ತು. ನನ್ನ ಕೈ ಅವರಿಗೆ ಅಷ್ಟು ಹಿಡಿಸಿತೆಂದು ನಾನು ಉಬ್ಬಿಹೋದೆ. ಅವರು ಆವತ್ತು ಕೂತದ್ದು ಎಷ್ಟು ವರ್ಷಗಳ ಮೇಲೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಮನೆ ತುಂಬಿದ ಮೇಲೆ ಅವರು ತಂತಿಯನ್ನು ನನಗೆ ಕೊಟ್ಟು ಪಡಸಾಲೆಗೆ ಹೋಗಿ ಕೂತರು, ಸಾಯುವವರೆಗೆ ಅಲ್ಲಿಂದ ಏಳಲಿಲ್ಲ.

ನನ್ನ ಗಂಡ ಊರಿಗೆಲ್ಲ ರಸಿಕ ಪಂಪಣ್ಣ. ಪುರಸಭೆಯಲ್ಲಿ ಗುಮಾಸ್ತರು. ನನ್ನ ಕೈಯ ದೆಸೆಯಿಂದ ಅವರಿಗೆ ಜಗತ್ತಿನ ಸಂಗೀತವೆಲ್ಲ ತಿಳಿಯಿತು. ಯಾವ ದೇಶದ ಡೋಲಿಗೆ ಯಾವ ಪ್ರಾಣಿಯ ಚರ್ಮ, ಯಾವ ಬೆಟ್ಟದವರ ಕೊಳಲಿಗೆ ಎಷ್ಟು ತೂತು, ಎಲ್ಲವನ್ನೂ ಅವರು ಬಲ್ಲರು. ಶಾಲೆಯಲ್ಲಿ, ಗ್ರಂಥಾಲಯದಲ್ಲಿ ಭಾಷಣ ಮಾಡುತ್ತಾರೆ. ವಾರಕ್ಕೊಂದು ಪತ್ರ ರೇಡಿಯೊ ನಿಲಯಕ್ಕೆ ಬರೆಯುತ್ತಾರೆ, ನಿಲಯದವರು ಅವರ ಹೆಸರು ಓದುತ್ತಾರೆ. ಗುರುವಾರ ನಾಲ್ಕಾರು ಜನ ಗೆಳೆಯರು ನಮ್ಮ ಪಡಸಾಲೆಗೆ ಬರುತ್ತಾರೆ. ‘ವೈನಿಯವರ ಕೈಯಾಗ ಕೇಳಿದಾಂಗ ಬ್ಯಾರೆ ಎಲ್ಲೂ ಇಲ್ಲ ಬಿಡ್ರಿ,’ ಎನ್ನುತ್ತಾರೆ. ವೈನಿಯವರು ಎಡಗೈಯಲ್ಲಿ ತಂತಿ ಹಿಡಿದು ಬಲಗೈಯಲ್ಲಿ ಅವರಿಗೆ ಮಂಡಕ್ಕಿ ಒಗ್ಗರಣೆ ಹಾಕುತ್ತಿರುತ್ತಾರೆ.

ಎಂಟು ವರ್ಷದ ಹಿಂದೆ ಒಂದು ದಿನ ನಾಚಿಕೆ ಬಿಟ್ಟು ಅವರಿಗೆ ಆ ಹಾಡಿನ ವಿಷಯ ಹೇಳಿದೆ. ಬಲೆ ಹೆಣೆಯುವ ಹೆಂಗಸರು, ವಾದ್ಯವಿಲ್ಲ, ಚಪ್ಪಾಳೆ. ಅರ್ಧ ಕೇಳಿದ್ದೇನೆ, ಕೊನೆ ಗೊತ್ತಿಲ್ಲ. ಅವರಿಗೆ ಕುತೂಹಲವಾಯಿತು. ಒಳ್ಳೆಯ ಅಕ್ಷರದಲ್ಲಿ ಪತ್ರ ಬರೆದರು, ತಮ್ಮ ಹೆಸರು ಹಾಕಿ. ಎರಡನೆಯ ಗುರುವಾರ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ನನ್ನತ್ತ ಕೈಮಾಡಿದರು: ಅದೇ, ಅದೇ. ನಾನು ತಂತಿಯನ್ನು ಉಗುರು ಅಂಗೈಗೆ ನಾಟುವಷ್ಟು ಬಿಗಿಯಾಗಿ ಹಿಡಿದೆ. ಮಂಡಕ್ಕಿ ಬಿಟ್ಟೆ, ಒಲೆ ಆರಿಸಿದೆ. ಅವರ ಮುಖ ನೋಡುತ್ತ ನಿಂತೆ. ನಾಲ್ಕು ನಿಮಿಷ ಇದ್ದಿರಬೇಕು. ಅವರ ತಲೆ ಅಲ್ಲಾಡಿತು, ಒಂದು ಕಡೆ ಹುಬ್ಬು ಮೇಲೆ ಹೋಯಿತು, ಅಷ್ಟೆ. ಅದು ಮುಗಿಯಿತೆಂದು ಅವರು ಚಹಾ ಕೈಗೆತ್ತಿಕೊಂಡದ್ದರಿಂದ ತಿಳಿಯಿತು.

‘ಹ್ಯಾಂಗಿತ್ರಿ? ಕಡೀಕ ಏನಾತು?’ ಎಂದೆ.

‘ಚಲೋ ಇತ್ತು,’ ಎಂದರು.

ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಅವರು ಗೆಳೆಯರ ಕಡೆ ತಿರುಗಿ ಮೀನುಗಾರರ ಸಂಗೀತದ ಬಗ್ಗೆ ಮಾತಾಡತೊಡಗಿದರು. ಮರುದಿನ ಬೆಳಿಗ್ಗೆ ಮತ್ತೆ ಕೇಳಿದೆ. ‘ಹೇಳಿದ್ನಲ್ಲ, ಚಲೋ ಇತ್ತಂತ. ಹೆಂಗಸರು ಚಪ್ಪಾಳಿ ಬಡೀತಾರ. ಮತ್ತೇನ ಹೇಳ್ಲಿ?’ ಅವತ್ತು ನನ್ನೊಳಗೆ ಹೊತ್ತಿಕೊಂಡದ್ದು ಆರಿಲ್ಲ. ಹೊಡೆದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಆ ಮನುಷ್ಯ ಕೆಟ್ಟವನಲ್ಲ. ಔಷಧಿ ತರುತ್ತಾರೆ, ಸೀರೆ ಆರಿಸಿ ತರುತ್ತಾರೆ. ನನ್ನ ಕೈಯಿಂದ ಹಾದುಹೋದದ್ದನ್ನೆಲ್ಲ ಉಂಡು, ಹೇಗಿತ್ತು ಎಂದರೆ ಒಂದು ಮಾತು ಉಗುಳುವುದಕ್ಕೆ ಅವರಿಗೆ ಬಾಯಿ ಬರುವುದಿಲ್ಲ, ಅಷ್ಟೆ.

ಕೊನೆಯ ಬೀದಿಯಲ್ಲಿ ಇಬ್ಬರು ವಿಧವೆಯರಿದ್ದಾರೆ, ಬಸಲಿಂಗವ್ವ ಮತ್ತು ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಗಂಡಂದಿರು ಹೋದ ಮೇಲೆ ಅವರು ತಂತಿಗೆ ಪಾಳಿ ಮಾಡಿಕೊಂಡಿದ್ದಾರೆ. ಮೊದಲರ್ಧ ಗಂಟೆ ಒಬ್ಬಳು ಕೇಳುತ್ತಾಳೆ, ಇನ್ನರ್ಧ ಗಂಟೆ ಇನ್ನೊಬ್ಬಳು. ಆಮೇಲೆ ಕಟ್ಟೆಯ ಮೇಲೆ ಕೂತು ಒಬ್ಬರಿಗೊಬ್ಬರು ಹಾಡಿ ತೋರಿಸುತ್ತಾರೆ, ಬಾಯಿಂದಲೇ ಡೋಲು ಬಾರಿಸುತ್ತಾರೆ. ಮುತ್ತೈದೆಯರು ಅವರನ್ನು ನೋಡಿ ಪಾಪ ಎನ್ನುತ್ತಾರೆ. ನಾನೂ ಎನ್ನುತ್ತಿದ್ದೆ. ಈಗ ಆ ಬೀದಿಯಲ್ಲಿ ಹೋಗುವಾಗ ಹೊಟ್ಟೆಕಿಚ್ಚಿನಿಂದ ಬಾಯಿ ಒಣಗುತ್ತದೆ. ಹೊಟ್ಟೆಕಿಚ್ಚು ಯಾತಕ್ಕೆ ಎಂದು ಯೋಚಿಸಿ, ಛೆ ಎಂದು ಮನೆಗೆ ಬಂದು ದೇವರಿಗೆ ದೀಪ ಹಚ್ಚಿದ್ದೂ ಇದೆ.

ನೀಲಾ ನನ್ನ ಒಬ್ಬಳೇ ಮಗಳು. ಅವಳ ಎಡಗೈಯನ್ನು ನಾನು ಸೊಂಟಕ್ಕೆ ಕಟ್ಟಲಿಲ್ಲ. ಒಂದೇ ಒಂದು ಸಲ ನೀನು ಹಿಡಿ, ನಾನು ಕೇಳುತ್ತೇನೆ ಎನ್ನಲು ಎಷ್ಟೋ ಗುರುವಾರ ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಒಮ್ಮೆ ಹಿಡಿದ ಕೈಯನ್ನು ಮನೆ ಮರೆಯುವುದಿಲ್ಲ. ಇಪ್ಪತ್ತೆರಡು ವರ್ಷದವಳಾದರೂ ಅವಳ ಅಂಗೈ ಹಾಲಿನ ಹಾಗಿತ್ತು. ಅವಳು ಅಪ್ಪನ ಪಕ್ಕ ಕೂತು ಎಲ್ಲ ಕೇಳಿದಳು, ಪುಸ್ತಕದಲ್ಲಿ ದೇಶಗಳ ಹೆಸರು ಬರೆದುಕೊಂಡಳು. ಹೋದ ಮಳೆಗಾಲದಲ್ಲಿ ಒಂದು ಸಂಜೆ ನನಗೆ ಸೀನು ಬಂದು ಕೈ ಸಡಿಲಿತು. ನೀಲಾ ತಿರುಗಿ ನೋಡಿ, ‘ಸರಿ ಹಿಡಿಯವಾ,’ ಎಂದಳು. ಸಿಟ್ಟಿನಿಂದಲ್ಲ, ಸುಮ್ಮನೆ, ಕಿಟಕಿ ಹಾಕು ಎನ್ನುವ ಹಾಗೆ. ನಾನು ಸರಿಯಾಗಿ ಹಿಡಿದೆ. ಒಂದು ವಾರ ಅವಳ ಜೊತೆ ಮಾತಾಡಲಿಲ್ಲ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂದಿರಲಿಲ್ಲ ಎಂದು ನನಗೂ ತಡವಾಗಿ ತಿಳಿಯಿತು.

ಕಾರ್ತಿಕದಲ್ಲಿ ಅವಳನ್ನು ನೋಡಲು ಬರುತ್ತೇವೆಂದು ಪಕ್ಕದ ಪೇಟೆಯವರು ಹೇಳಿಕಳಿಸಿದರು. ಹುಡುಗ ಮಹಾಂತೇಶ, ಹೈಸ್ಕೂಲು ಮಾಸ್ತರ. ಫೋಟೋ ನೋಡಿ ನೀಲಾ ಬೇಡ ಎನ್ನಲಿಲ್ಲ. ಎರಡು ಸಲ ನೋಡಿದಳು. ನನ್ನ ಗಂಡನಿಗೆ ಸಂಭ್ರಮದ ಜೊತೆ ಗಾಬರಿ. ‘ಅಕಿ ಅಂಗೈಯಾಗ ಗೆರಿನ ಇಲ್ಲ. ಏನಂದಾರು? ಇವತ್ತಿನಿಂದ ಹಿಡಸು ಅಕಿ ಕೈಯಾಗ. ಅವ್ವನ ಕೈ ಬಂದಿರತೈತಿ, ಎರಡ ವಾರದಾಗ ಪಳಗತಾಳ.’

‘ಅಕಿ ಕೇಳೂದು?’ ಎಂದೆ.

‘ಇಷ್ಟ ದಿನಾ ಕೇಳ್ಯಾಳಲ್ಲ.’

ಆ ವಾರ ಅವರು ಮಗಳನ್ನು ಕರೆದುಕೊಂಡು ಬೇರೆ ಊರಿನ ಕೇಳುಗರ ಸಭೆಗೆ ಹೋದರು. ಅಲ್ಲಿ ಅವರಿಗೆ ಶಾಲು ಹೊದಿಸುವವರಿದ್ದರು. ಬೆಳಿಗ್ಗೆ ಏಳು ಗಂಟೆ, ಹಿಡಿಯಲು ತಂತಿಯಿಲ್ಲದೆ ಎಡಗೈ ಜೋತಾಡುತ್ತಿತ್ತು. ಮಾಳಿಗೆಯ ಮೇಲೆ ಸಂಡಿಗೆ ಹಾಕಲು ಹೋದೆ. ನಮ್ಮ ಹಿತ್ತಲಿಗೆ ಕ್ಷೌರದ ದುರಗಪ್ಪನ ಅಂಗಡಿಯ ಹಿಂಬದಿ ತಾಗುತ್ತದೆ. ಅವನ ಅಂಗಡಿಯಲ್ಲಿ ರೇಡಿಯೊ ಉಂಟು. ಪರದೆಯ ಹಿಂದೆ ಅವನ ತಾಯಿ ಕೂತು ಹಿಡಿಯುತ್ತಾಳೆ ಎಂದು ಎಲ್ಲರೂ ಬಲ್ಲೆವು. ಆವತ್ತು ಪರದೆ ಅರ್ಧ ಸರಿದಿತ್ತು, ಮೇಲಿನಿಂದ ಹಿಂದಿನ ಕಿಟಕಿಯೊಳಗೆ ನೋಡಿದರೆ ಗಿರಾಕಿಗಳು ಸೋಪಿನ ಮುಖದಲ್ಲೇ ತಲೆ ತೂಗುತ್ತಿದ್ದರು. ಏಕತಾರಿಯ ಪದ ಬರುತ್ತಿದೆ ಎಂದು ಆ ತೂಗುವ ರೀತಿಯಿಂದಲೇ ಹೇಳಬಲ್ಲೆ. ಪರದೆಯ ಒಳಗೂ ಕಂಡಿತು. ಬರಿದಾದ ಸ್ಟೂಲು. ತಂತಿ ನೆಲದ ಮೇಲೆ ಹರಿದು, ಪರದೆಯ ಅಡಿಯಿಂದ ನುಸುಳಿ, ಕತ್ತರಿ ಆಡಿಸುತ್ತ ನಿಂತ ದುರಗಪ್ಪನ ಕಾಲಿನ ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿಕೊಂಡಿತ್ತು.

ಗಿರಾಕಿಗಳು ಹೋದ ಮೇಲೆ ಕೆಳಗಿಳಿದು ಹಿಂಬಾಗಿಲು ಬಡಿದೆ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

‘ಅಕ್ಕಾ, ಕೈಮುಗೀತೀನಿ, ಯಾರ ಮುಂದೂ ಹೇಳಬ್ಯಾಡ್ರಿ. ನಮ್ಮವ್ವ ಮಗಳ ಮನಿಗೆ ಹೋಗಿ ಎರಡ ವರ್ಷಾತು. ರೇಡಿಯೊ ಇಲ್ಲಂದ್ರ ಗಿರಾಕಿ ಬರೂದಿಲ್ಲ. ಗಂಡಸಾಗಿ ತಂತಿ ಹಿಡದಾನ ಅಂದ್ರ ನಾ ಈ ಊರಾಗ ಮುಖಾ ಎತ್ತಿ ತಿರಗೂದು ಹ್ಯಾಂಗ?’

‘ಸ್ವರ ಒಡೀತೈತೇನೊ?’

‘ನನಗೇನ ಗೊತ್ತ್ರಿ ಅಕ್ಕಾ, ನನಗ ಕೇಳಸೂದಿಲ್ಲಲ್ಲ. ಒಡದಿದ್ರ ಯಾರರ ಒಬ್ರು ಬೈತಿದ್ರು.’ ಅವನು ಕಾಲಿನ ಬೆರಳು ತಿಕ್ಕಿಕೊಂಡ. ಅಲ್ಲಿ ಸಣ್ಣ ಹಸಿರು ಉಂಗುರವಿತ್ತು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಇಪ್ಪತ್ತಾರು ವರ್ಷ ನಾನು ನಿಂತ ಜಾಗದಲ್ಲಿ ಕಲ್ಲು ಎರಡು ಪಾದದಷ್ಟು ತಗ್ಗಾಗಿದೆ. ಅದನ್ನು ಕೈಯಿಂದ ಸವರಿ ನೋಡಿದೆ. ಅಳು ಬರಲಿಲ್ಲ. ಎದ್ದು ಗಂಡನ ಮೇಜಿನಿಂದ ಒಂದು ಅಂಚೆ ಕಾರ್ಡು ತೆಗೆದುಕೊಂಡು ಬರೆದೆ: ಬಲೆ ಹೆಣೆಯುವ ಹೆಂಗಸರ, ವಾದ್ಯವಿಲ್ಲದ ಆ ಹಾಡನ್ನು ಇಂಥ ಗುರುವಾರ ದಯವಿಟ್ಟು ಹಾಕಿರಿ. ಇತಿ ಸಾವಂತ್ರವ್ವ. ಗುರುವಾರ ಯಾವುದೆಂದರೆ ಕನ್ಯೆ ನೋಡಲು ಬರುವ ದಿನ. ಆವತ್ತು ಒಂದು ದಿನ ತಂತಿ ನನ್ನ ಕೈಯಲ್ಲಿ ಇರುವುದಿಲ್ಲ. ಕನ್ಯೆಯ ತಾಯಿ ಬೀಗಿತ್ತಿಯ ಪಕ್ಕ ಪಡಸಾಲೆಯಲ್ಲಿ ಕೂರಬೇಕು, ಅದು ಪದ್ಧತಿ. ಕಾರ್ಡು ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ: ಕೊನೆಗೂ ನಾನು ಕೇಳುತ್ತೇನೆ. ಯಾರ ಕೈಯಲ್ಲಿ ಎಂದು ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂಬುದೂ ಸುಳ್ಳು. ಆ ಯೋಚನೆಯನ್ನು ಬದಿಗೆ ಸರಿಸಿದೆ.

ಎರಡು ವಾರ ನೀಲಾ ಬೆಳಿಗ್ಗೆ ಹಿಡಿಯುವುದನ್ನು ಕಲಿತಳು. ನಾನು ಆ ಹೊತ್ತು ಬಾವಿಕಟ್ಟೆಗೆ ಹೋಗಿ ಬಟ್ಟೆ ಒಗೆದೆ. ಒಳಗೆ ಕೂತು ಕೇಳು ಎಂದು ಗಂಡ ಹೇಳಲಿಲ್ಲ, ನಾನೂ ಕೂರಲಿಲ್ಲ.

ಗುರುವಾರ ಐದು ಗಂಟೆಗೆ ಅವರು ಬಂದರು. ಹುಡುಗ, ಅವನ ತಂದೆ, ತಾಯಿ ಶಂಕ್ರವ್ವ. ಶಂಕ್ರವ್ವ ದಪ್ಪಗೆ, ಕೆಂಪಗೆ, ಬಾಯಲ್ಲಿ ಎಲೆಯಡಿಕೆ. ಕೂತವರೇ, ‘ಇದು ಹನ್ನೆರಡನೇ ಕನ್ಯಾ ನೋಡ್ರಿ,’ ಎಂದರು.

‘ಅಷ್ಟ ಕಡೆ ನೋಡಿ ಬಂದ್ರೇನ್ರಿ?’ ಎಂದರು ನನ್ನ ಗಂಡ, ಮುಖ ಸಣ್ಣದು ಮಾಡಿ.

‘ಹುಡುಗ ಹೂಂ ಅಂತಾನ್ರಿ ಎಲ್ಲಾರಿಗೂ,’ ಎಂದರು ಅವರ ಗಂಡ. ‘ಇಕೀನ ಇನ್ನೊಂದ ನೋಡೂಣು, ಇನ್ನೊಂದ ನೋಡೂಣು ಅಂತಾಳ.’

ಶಂಕ್ರವ್ವ ರೇಡಿಯೊದ ಕಡೆ ನೋಡಿದರು. ಹಸಿದವರು ಎಲೆಯ ಕಡೆ ನೋಡುವ ನೋಟ. ಅವರ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ನನ್ನದಕ್ಕಿಂತ ದಟ್ಟವಾದ ಗೆರೆ. ಹನ್ನೆರಡು ಮನೆ, ಮನೆಗೊಂದು ಸಂಜೆ. ಆ ಹೆಂಗಸು ಮೂವತ್ತು ವರ್ಷಗಳಲ್ಲಿ ರೇಡಿಯೊ ಕೇಳಿದ್ದು ಹನ್ನೊಂದು ಸಂಜೆ. ಸೊಸೆ ಬಂದ ಮೇಲೆ ದಿನಾ ಕೇಳಬಹುದಲ್ಲ ಎಂದುಕೊಂಡೆ, ಆಮೇಲೆ ಆ ಸೊಸೆ ಯಾರೆಂಬುದು ನೆನಪಾಯಿತು.

ನೀಲಾ ಹೊಸ್ತಿಲ ತಗ್ಗಿನಲ್ಲಿ ಪಾದವಿಟ್ಟು ತಂತಿ ಹಿಡಿದಳು. ರೇಡಿಯೊ ಮಾತಾಡಿತು. ಮೂವತ್ತೆರಡು ವರ್ಷಗಳ ಮೇಲೆ ನನಗೆ ಅದು ಕೇಳಿಸಿತು. ಗುಟ್ಟು ಹೇಳುತ್ತಿದ್ದ ಆ ಹೆಂಗಸು ಹೋಗಿ ಬೇರೆ ಯಾರೋ ಬಂದಿದ್ದರು, ಚಿಕ್ಕ ವಯಸ್ಸಿನವಳು. ಮೊದಲು ಜೋಗಿಯೊಬ್ಬ ಕಿನ್ನರಿ ನುಡಿಸಿದ. ಶಂಕ್ರವ್ವ ಕಣ್ಣು ಮುಚ್ಚಿದರು. ‘ಕನ್ಯಾದ ಕೈ ಚಲೋ ಐತ್ರಿ,’ ಎಂದರು ಹುಡುಗನ ತಂದೆ, ನನ್ನ ಗಂಡ ಹಿಗ್ಗಿ ನನ್ನತ್ತ ನೋಡಿದರು. ಐದೂವರೆಗೆ ‘ದೂರದ ದನಿ’ ಬಂತು. ‘ಈಗ ಒಂದು ಅಪರೂಪದ ಹಾಡು. ಇದನ್ನು ಕೇಳಿ ಬರೆದವರು ಶ್ರೀಮತಿ ಸಾವಂತ್ರವ್ವ,’ ಎಂದಳು ಆ ಹುಡುಗಿ.

‘ನೀ ಯಾವಾಗ ಬರದಿ?’ ಎಂದರು ನನ್ನ ಗಂಡ.

ನಾನು ಕೇಳುತ್ತಿದ್ದೆ. ಚಪ್ಪಾಳೆ ಬಿತ್ತು. ಬೀಳಬೇಕಾದ ಕಡೆ ಬೀಳಲಿಲ್ಲ, ಬೀಳಬಾರದ ಕಡೆ ಎರಡು ಬಿದ್ದವು. ಒಬ್ಬಳು ಕರೆದಳು, ಉಳಿದವರು ಓ ಎಂದರು. ನನಗೆ ಹದಿಮೂರು ವರ್ಷವಾಯಿತು. ಅವಳ ದನಿ ಮೇಲೆ ಏರುತ್ತ ಹೋಯಿತು, ಹಾಲು ಉಕ್ಕಿದ ಜಾಗ ಹತ್ತಿರ ಬರುತ್ತಿತ್ತು. ಈ ಸಲವೂ ತಂತಿ ಬಿಟ್ಟುಹೋದೀತೆಂದು ಹೊಸ್ತಿಲ ಕಡೆ ನೋಡಿದೆ. ನೀಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಖದಿಂದ ಹಾಡನ್ನು ಹೆಕ್ಕಲು ನೋಡುತ್ತಿದ್ದಳು. ಆ ನೋಟ ನನಗೆ ಒಳಗಿನಿಂದ ಗೊತ್ತು. ಹೊರಗಿನಿಂದ ನೋಡಿದ್ದು ಅದೇ ಮೊದಲು. ಅಲ್ಲ, ಅವ್ವನ ಮುಖದಲ್ಲಿ ನೋಡಿದ್ದೆ, ನೋಡಿ ಬೈದಿದ್ದೆ.

ಆದರೂ ಒಂದು ಗಳಿಗೆ ಕೂತೇ ಇದ್ದೆ. ಇನ್ನು ಎರಡು ನಿಮಿಷ, ಕೊನೆ ಕೇಳಿಬಿಡೋಣ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅದರ ನೂಕಿಗೇ ಎದ್ದು ನಿಂತಿದ್ದೆ. ಹೋಗಿ ಸೆರಗಿನ ತುದಿಯಿಂದ ತಂತಿಯನ್ನು ನೀಲಾಳ ಕೈಯಿಂದ ತೆಗೆದೆ. ರೇಡಿಯೊ ನಿಂತಿತು. ಹಾಡು ಎಲ್ಲೋ ನಮ್ಮನ್ನು ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ತಂತಿಯನ್ನು ಎಳೆದುಕೊಂಡು ಬಂದು ಗಂಡನ ಮುಂದೆ ಚಾಚಿದೆ.

‘ಹಿಡೀರಿ.’

‘ಏನಿದು? ಬೀಗರ ಮುಂದ...’

‘ಹಾಡು ಮುಗೀತೈತಿ. ಹಿಡೀರಿ.’

‘ಗಂಡಸರ ಕೈ ಕಾವಲ್ಲ,’ ಎಂದರು ಅವರು ನಗಲು ನೋಡುತ್ತ, ಹುಡುಗನ ತಂದೆಯ ಕಡೆ ತಿರುಗಿ. ‘ಒಡೀತೈತಿ, ಎಲ್ಲಾರಿಗೂ ಗೊತ್ತಿದ್ದದ್ದ.’

‘ಒಡೀಲಿ. ಒಡದದ್ದ ಕೇಳತೀವಿ.’

ದುರಗಪ್ಪನ ಕಾಲ್ಬೆರಳು ನಾಲಿಗೆಯ ತುದಿಗೆ ಬಂದಿತ್ತು, ಕಚ್ಚಿ ಹಿಡಿದೆ. ಮದುವೆ ಮುರಿಯುತ್ತದೆ ಎಂದು ತಿಳಿದಿತ್ತು. ಫೋಟೋವನ್ನು ಎರಡು ಸಲ ನೋಡಿದ ಮಗಳು ಹೊಸ್ತಿಲಲ್ಲಿ ಬಿಳಿಚಿಕೊಂಡು ನಿಂತದ್ದೂ ಕಂಡಿತು. ತಂತಿ ಹಿಂದಕ್ಕೆ ಹೋಗಲಿಲ್ಲ.

ಆಗ ಶಂಕ್ರವ್ವ ಕಣ್ಣು ತೆರೆದರು. ಎಲೆಯಡಿಕೆಯನ್ನು ಒಂದು ದವಡೆಗೆ ತಳ್ಳಿ, ‘ಹಿಡೀರಿ ಬೀಗರ,’ ಎಂದರು. ‘ಅರ್ಧಕ್ಕ ನಿಂತೈತಿ. ನನಗ ಜೀವ ತಡೀವಲ್ದು.’

ಅವರ ಬಾಯಿಂದ ಬೀಗರು ಎಂದಾಗಿತ್ತು, ಸಂಬಂಧ ಒಪ್ಪಿದ ಹಾಗೇ. ನನ್ನ ಗಂಡ ಎರಡು ಬೆರಳ ತುದಿಯಿಂದ, ಸತ್ತ ಇಲಿಯ ಬಾಲ ಹಿಡಿಯುವ ಹಾಗೆ, ತಂತಿ ಹಿಡಿದರು.

ರೇಡಿಯೊ ಮಾತಾಡಿತು. ಒಡೆಯಲಿಲ್ಲ. ಬಾವಿಯ ನೀರಿನ ಹಾಗಿತ್ತು, ತಳ ಕಾಣುತ್ತಿತ್ತು.

ಹಾಡಿನ ಬಾಲ ಮಾತ್ರ ಉಳಿದಿತ್ತು. ಕರೆಯುವವಳ ದನಿ ಮೇಲೆ ಎಲ್ಲಿಯೋ ಇತ್ತು, ಇಳಿ ಇಳಿ ಎನ್ನುವ ಹಾಗೆ ಉಳಿದವರು ಕೆಳಗಿನಿಂದ ಓ ಎನ್ನುತ್ತಿದ್ದರು. ಅವಳು ಇಳಿಯುವಾಗ ತಪ್ಪಿದಳು. ಯಾವುದೋ ಒಂದು ಚಪ್ಪಾಳೆ ಬೀಳಬಾರದ ಕಡೆ ಬಿತ್ತು, ಇನ್ನೊಬ್ಬಳು ಅದರ ಮೇಲೆ ಎಡವಿದಳು, ಹಾಡು ಕಲಸಿಹೋಯಿತು, ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ. ಹಾಡು ನಗುವಿನಲ್ಲಿ ಮುಗಿಯಿತು. ಉಸಿರು ಸಿಕ್ಕದೆ ನಗುವ ಹೆಂಗಸರು, ನಡುವೆ ಒಬ್ಬ ಮುದುಕಿಯ ಕೆಮ್ಮು, ಯಾರೋ ಯಾರಿಗೋ ತಮ್ಮ ಭಾಷೆಯಲ್ಲಿ ಬೈದದ್ದು, ಮತ್ತೆ ನಗು.

ಮೂವತ್ತಮೂರು ವರ್ಷ ನಾನು ಅದನ್ನು ದುಃಖದ ಹಾಡು ಎಂದುಕೊಂಡಿದ್ದೆ. ಕೊನೆಯಲ್ಲಿ ಅವಳು ಅಳುತ್ತಾಳೆ ಎಂದೋ, ಸಮುದ್ರಕ್ಕೆ ಹೋದ ಯಾರೋ ಬರುವುದಿಲ್ಲ ಎಂದೋ ಏನೇನೋ ಕಟ್ಟಿಕೊಂಡು, ರಾತ್ರಿ ಪಾತ್ರೆ ತಿಕ್ಕುವಾಗ ಎಷ್ಟೋ ಸಲ ಅತ್ತಿದ್ದೆ. ಅವರು ನಗುತ್ತಿದ್ದರು. ಈ ಮನುಷ್ಯ ಎಂಟು ವರ್ಷದ ಹಿಂದೆ ಇದನ್ನು ಪೂರ್ತಿ ಕೇಳಿದ್ದರು, ಹೇಗಿತ್ತೆಂದು ಎರಡು ಸಲ ನಾನು ವಿಚಾರಿಸಿದ್ದೆ, ಕಡೀಕ ನಗತಾರ ನೋಡು ಎಂದು ಒಂದು ಮಾತು ಹೇಳಲಿಲ್ಲ. ಸಂತೋಷವಾಗಬೇಕಿತ್ತು ನನಗೆ. ಅಷ್ಟು ಚೆನ್ನಾಗಿತ್ತು ಅದು. ಚೆನ್ನಾಗಿದ್ದಷ್ಟೂ ಸಿಟ್ಟು ಏರುತ್ತ ಹೋಯಿತು. ಕೆಟ್ಟದಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ.

ನೀಲಾ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು. ಶಂಕ್ರವ್ವ ತೊಡೆ ತಟ್ಟಿಕೊಂಡು ನಗುತ್ತಿದ್ದರು, ಕಣ್ಣಿನಲ್ಲಿ ನೀರು. ಮಹಾಂತೇಶ ನಗಲಿಲ್ಲ. ಅವನು ತನ್ನ ಎಡ ಅಂಗೈಯನ್ನು ಬಿಡಿಸಿ ನೋಡಿಕೊಳ್ಳುತ್ತಿದ್ದ. ನೀಲಾ ಅವನನ್ನು ನೋಡಿದಳು.

ನನ್ನ ಗಂಡ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ‘ಬಂತೇನು? ಬರಾಕತ್ತೈತೇನು?’ ಎಂದರು. ಆಗಲೇ ಇನ್ನೊಂದು ಹಾಡು ಶುರುವಾಗಿತ್ತು, ಯಾವುದೋ ನದಿಯವರು ಸೋರೆಬುರುಡೆಗೆ ನರ ಕಟ್ಟಿ ನುಡಿಸುವಂಥದ್ದು. ಅವರು ತಂತಿಯನ್ನು ಕೆಳಗಿಡಲು ಬಗ್ಗಿದರು.

‘ಬಿಡಬ್ಯಾಡ್ರಿ ಬೀಗರ,’ ಎಂದರು ಶಂಕ್ರವ್ವ, ಕಣ್ಣು ತೆರೆಯದೆಯೇ. ‘ಕೈ ಚಲೋ ಐತಿ ನಿಮ್ದು.’

ಅವರು ಬಗ್ಗಿದವರು ಹಾಗೇ ನಿಂತರು. ನಾನು ನನ್ನ ಜಾಗಕ್ಕೆ ಬಂದು ಕೂತೆ. ಚಹಾ ಆರಿಹೋಗಿತ್ತು. ಬಟ್ಟಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವರು ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದರು. ಆ ನೋಟದಲ್ಲಿ ಅವರನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು, ‘ಸಾವಂತ್ರಿ, ಆ ಹಾಡು... ಕಡೀಕ ಹ್ಯಾಂಗಿತ್ತು?’

ಚಹಾ ಒಂದು ಗುಟುಕು ಕುಡಿದೆ.

‘ಚಲೋ ಇತ್ತು,’ ಎಂದೆ.